ಮನೆಯೇ ಮೇರೆಯಾದಾಗ



ಬೆಂಗಳೂರಿನ ಕುಂದಲಹಳ್ಳಿಯ ಪಕ್ಕದ ಬ್ರೂಕ್‌ಫೀಲ್ಡಿನಿಂದ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದ ಅವರ ಮಗನ ಹೆಸರು ಒಂದು ಖಟ್ಲೆಯಲ್ಲಿ ಸೇರಿದೆ. ಮನೆ ಬಿಟ್ಟು ಹೊರಗೆ ಹೋಗಕೂಡದೆಂದು ನ್ಯಾಯಾಲಯ ಆಜ್ಞೆ ಮಾಡಿದೆ. “ಬುದ್ಧೀ, ಜೈಲು ತಪ್ಪಿತೆಂಬ ಸಮಾಧಾನವೇನೋ ಇದೆ. ಆದರೆ ಹಗಲೆಲ್ಲ ಗೋಡೆ ನೋಡುತ್ತ ಕೂರುತ್ತಾನೆ, ಮಾತನಾಡಿಸಿದರೆ ಸಿಡುಕುತ್ತಾನೆ. ಈಗ ಮನೆಯೇ ನಮಗೆಲ್ಲ ಜೈಲಾಗಿದೆ” ಎಂದು ಕಣ್ಣೀರಿಟ್ಟರು. ಅವರಿಗೆ ಹೇಳಿದ ಮಾತನ್ನೇ ಈ ಹೊತ್ತು ನಿಮ್ಮೆಲ್ಲರ ಮುಂದೆ ಇಡುತ್ತೇವೆ.

ಗೃಹಬಂಧನವು ನಮ್ಮ ನ್ಯಾಯಾಲಯಗಳಲ್ಲಿ ಅಪರೂಪದ ಸಂಗತಿ. 2021ರ ಮೇ ತಿಂಗಳಲ್ಲಿ ಗೌತಮ್ ನವಲಖಾ ಎಂಬುವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆರೋಪಿಯ ವಯಸ್ಸು, ಆರೋಗ್ಯ, ಪೂರ್ವಚರಿತ್ರೆ, ಅಪರಾಧದ ಸ್ವರೂಪ ಇವುಗಳನ್ನು ನೋಡಿ ತಕ್ಕ ಸಂದರ್ಭದಲ್ಲಿ ಗೃಹಬಂಧನ ವಿಧಿಸಬಹುದೆಂದು ಹೇಳಿತು. 2022ರ ನವೆಂಬರಿನಲ್ಲಿ ಅವರಿಗೆ ಅದನ್ನು ಅನುಮತಿಸಿದಾಗ ಅಂತರ್ಜಾಲವನ್ನು ನಿಷೇಧಿಸಿತು. ಹೀಗೆ ಒಂದೊಂದು ಆಜ್ಞೆಗೆ ಒಂದೊಂದು ಷರತ್ತು. ಆದುದರಿಂದ ಮೊದಲ ಕೆಲಸ, ವಕೀಲರ ಜೊತೆ ಕುಳಿತು ಆಜ್ಞೆಯನ್ನು ಅಕ್ಷರ ಅಕ್ಷರವಾಗಿ ಓದಿಕೊಳ್ಳುವುದು. ಆರೋಪ ಬಂದ ಮಾತ್ರಕ್ಕೆ ಅಪರಾಧಿಯಲ್ಲ, ನಿಜ. ಆದರೆ “ಯಾರು ನೋಡುತ್ತಾರೆ” ಎಂದು ಹೊಸ್ತಿಲು ದಾಟಿದರೆ ಇಲ್ಲದ ತಪ್ಪನ್ನು ತಾನೇ ಹೊತ್ತುಕೊಂಡಂತೆ. ಆ ಮೇರೆಯನ್ನು ಪೊಲೀಸರ ಭಯದಿಂದಲ್ಲ, ನೇಮವೆಂದು ಪಾಲಿಸಬೇಕು.

ನ್ಯಾಯಾಲಯ ಕಟ್ಟಿರುವುದು ಕಾಲನ್ನು, ಕೈಯನ್ನಲ್ಲ, ಮನಸ್ಸನ್ನಲ್ಲ. ಇಟಲಿಯ ವಿಜ್ಞಾನಿ ಗೆಲಿಲಿಯೋಗೆ 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಶಿಕ್ಷೆ ವಿಧಿಸಿತು. ಫ್ಲಾರೆನ್ಸಿನ ಬಳಿಯ ಮನೆಯಲ್ಲಿ ಬಂಧಿಯಾಗಿದ್ದ ಆ ವೃದ್ಧರು, ವಸ್ತುಗಳ ಬಲವನ್ನೂ ಚಲನೆಯನ್ನೂ ಕುರಿತ ತಮ್ಮ ಮಹಾಗ್ರಂಥವನ್ನು ಅಲ್ಲಿಯೇ ಮುಗಿಸಿದರು. ಅದು 1638ರಲ್ಲಿ ಹಾಲೆಂಡಿನಲ್ಲಿ ಅಚ್ಚಾಯಿತು. ಕಣ್ಣು ಹೋದ ಮೇಲೂ ಶಿಷ್ಯರ ನೆರವಿನಿಂದ ವಿಚಾರ ಮುಂದುವರಿಸಿ 1642ರಲ್ಲಿ ತೀರಿಕೊಂಡರು. ನಮ್ಮ ಕಿತ್ತೂರು ರಾಣಿ ಚೆನ್ನಮ್ಮನವರದು ಮನೆಯ ಬಂಧನವಲ್ಲ, ಕಂಪನಿ ಸರಕಾರದ ಸೆರೆ. 1824ರ ಯುದ್ಧದ ಬಳಿಕ ಬೈಲಹೊಂಗಲದ ಕೋಟೆಯಲ್ಲಿದ್ದು 1829ರಲ್ಲಿ ಲಿಂಗೈಕ್ಯರಾದರು. ಆ ದಿನಗಳನ್ನು ಅವರು ಲಿಂಗಪೂಜೆಯಲ್ಲಿ, ಪುರಾಣ ಶ್ರವಣದಲ್ಲಿ ಕಳೆದರೆಂದು ಜನ ಇಂದಿಗೂ ಹೇಳುತ್ತಾರೆ.

ಗುಡಿಗೆ ಹೋಗಲಾಗದೆಂಬ ಕೊರಗು ಲಿಂಗವಂತನಿಗೆ ಏಕೆ? ದೇವರು ಅಂಗದ ಮೇಲೆಯೇ ಇದ್ದಾನೆ. ಬೆಳಿಗ್ಗೆ ನಿಯಮಿತ ವೇಳೆಗೆ ಎದ್ದು ಮಿಂದು ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ಕುಳಿತರೆ ಆ ಮನೆಯೇ ಮಠ. ಆಮೇಲೆ ಒಂದು ಗಂಟೆ ತನ್ನ ಪ್ರಕರಣದ ಸಂಗತಿಗಳನ್ನು ತಾರೀಖುವಾರು, ಸತ್ಯವಿದ್ದಂತೆ, ವಕೀಲರಿಗಾಗಿ ಬರೆದಿಡಬೇಕು. ಅದು ಮುಗಿದೊಡನೆ ಕಾಗದ ಮುಚ್ಚಬೇಕು. ದಿನವೆಲ್ಲ ಅದನ್ನೇ ಮೆಲುಕು ಹಾಕಬಾರದು. ನುಲಿಯ ಚಂದಯ್ಯನವರು ಹುಲ್ಲಿನ ಹಗ್ಗ ಹೊಸೆದು ದಾಸೋಹ ನಡೆಸಿದರು. ಕೈಕೆಲಸವೆಂದು ಅದನ್ನು ಶರಣರು ಕೀಳಾಗಿ ಕಾಣಲಿಲ್ಲ. ಹಾಗೆಯೇ ತಾಯಿಯ ಕೈಯಿಂದ ರೊಟ್ಟಿಯ ಹಿಟ್ಟು ತೆಗೆದುಕೊಂಡು ನಾದುವುದು, ಪಾತ್ರೆ ತೊಳೆಯುವುದು, ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಇವೆಲ್ಲ ಕಾಯಕವೇ. ಸಂಜೆ ಒಂದು ವಚನವನ್ನು ಮನೆಯವರೆಲ್ಲ ಕೂಡಿ ಓದಿ ಅರ್ಥ ವಿಚಾರಿಸಲಿ.

ಮನೆಯವರಿಗೂ ಒಂದು ಮಾತು. ಅವನನ್ನು ಅತಿಥಿಯಂತೆ ಕೂಡಿಸಬೇಡಿ, ಅಪರಾಧಿಯಂತೆ ದೂರ ಇಡಲೂ ಬೇಡಿ, ಕೆಲಸ ಕೊಡಿ. ನೆರೆಯವರ ಪಿಸುಮಾತಿಗೆ ಉತ್ತರ ಹುಡುಕುತ್ತ ಕೂರಬೇಡಿ.

ತೀರ್ಪು ಯಾವಾಗ ಬರುವುದೋ, ಹೇಗೆ ಬರುವುದೋ ನಮ್ಮ ಕೈಯಲ್ಲಿಲ್ಲ. ಬರುವವರೆಗಿನ ದಿನಗಳು ಮಾತ್ರ ನಮ್ಮವು. ಬಾಗಿಲು ತೆರೆದ ದಿನ ಅವನು ಒಳಗೆ ಹೋದವನಿಗಿಂತ ಒಳ್ಳೆಯವನಾಗಿ ಹೊರಬರಲೆಂದು, ಬಸವಾದಿ ಶರಣರು ಆ ಮನೆಗೆ ಧೈರ್ಯ ಕೊಡಲೆಂದು ಹಾರೈಸುತ್ತೇವೆ.