ಮಣೆಯ ಸುತ್ತ ಯಾರು ಕೂರುತ್ತಾರೆ?

ಚೌಕಾಬಾರದ ಸಾಮಗ್ರಿ ತುಮಕೂರು ಸೀಮೆಯಲ್ಲಿ ಎಂದೂ ದುಬಾರಿಯಾಗಿರಲಿಲ್ಲ. ಕವಡೆ ಇಲ್ಲದ ಮನೆಯಲ್ಲೂ ಹುಣಸೆ ಬೀಜ ಇರುತ್ತಿತ್ತು. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದರೆ ನಾಲ್ಕು ಬೀಜಗಳೇ ನಾಲ್ಕು ಕವಡೆ. ನೆಲದ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ಐದಕ್ಕೈದು ಮನೆ ಎಳೆದು, ಗಟ್ಟದ ಮನೆಗಳಿಗೆ ಅಡ್ಡಗೀಟು ಹಾಕಿ, ಬಳೆಚೂರು, ಹೆಂಚಿನ ಚೂರುಗಳನ್ನು ಕಾಯಿ ಮಾಡಿಕೊಂಡರೆ ಆಟ ಶುರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಹೊರಸುತ್ತು ಮುಗಿಸಿ ಒಳಸುತ್ತಿಗೆ ನುಗ್ಗಿ ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು.

ಆಟವೇನೋ ಅಗ್ಗ, ಆದರೆ ಕೂರುವ ಜಾಗ ಎಲ್ಲರದೂ ಆಗಿರಲಿಲ್ಲ. ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ ಗಂಡಸರು ಹುಲಿ-ಕುರಿ ಆಡುತ್ತಿದ್ದರು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳು ನಡುಮನೆಯಲ್ಲಿ, ಹೆಂಗಸರ, ಮಕ್ಕಳ ಕೈಯಲ್ಲಿದ್ದವು. ಯಾರ ಜಗಲಿಯನ್ನು ಯಾರು ಹತ್ತಬಹುದೆಂದು ಜಾತಿ ತೀರ್ಮಾನಿಸುತ್ತಿತ್ತು. ಪಗಡೆ ಹಾಸು ಮನೆಯಲ್ಲಿದ್ದರೆ ಜಗಳ ತಪ್ಪಿದ್ದಲ್ಲ ಎಂದು ಹಿರಿಯರು ಗದರುತ್ತಿದ್ದರು; ಧರ್ಮರಾಯ ಸೋತ ಕಥೆ ಎಲ್ಲರಿಗೂ ಗೊತ್ತಿತ್ತು. ಶಿವರಾತ್ರಿಯ ಜಾಗರಣೆಯಲ್ಲಿ ಮಾತ್ರ ನಿದ್ದೆ ತಡೆಯಲು ಅದಕ್ಕೆ ಅನುಮತಿ. ಯುಗಾದಿಯ ಇಸ್ಪೀಟಿನಲ್ಲಂತೂ ದುಡ್ಡೇ ಮುಂದು, ಆಟ ಹಿಂದು. ಹೀಗಾಗಿ ಮಣೆಯಾಟದ ಚರಿತ್ರೆ ಓದುವಾಗ ನಾನು ಮೊದಲು ಹುಡುಕುವುದು ಒಂದನ್ನೇ: ಅಲ್ಲಿ ಯಾರು ಯಾರ ಜೊತೆ ಕೂರುತ್ತಿದ್ದರು?

ಹೊರದೇಶಗಳ ಆಟದ ಸಮ್ಮೇಳನಗಳು ಬದಲಾದ ಬಗೆಯೂ ಈ ಪ್ರಶ್ನೆಗೆ ತಕ್ಕಂತೆಯೇ ಇದೆ. 1968ರ ಆಗಸ್ಟ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಗೈಗ್ಯಾಕ್ಸ್ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ಮೇಜಿನ ಮೇಲೆ ಯುದ್ಧದ ಆಟ ಆಡುವವರನ್ನು ಸೇರಿಸಿದರು. ಬಂದವರು ನೂರರ ಆಸುಪಾಸು, ಬಹುಪಾಲು ಗಂಡಸರೇ. ಅದೇ ಜೆನ್ ಕಾನ್. ಈಗ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಅದಕ್ಕೆ 2023ರಲ್ಲಿ 70,000ಕ್ಕೂ ಹೆಚ್ಚು ಜನ ಬಂದರು. ಜರ್ಮನಿಯ ಎಸೆನ್‌ನಲ್ಲಿ 1983ರಲ್ಲಿ ಶುರುವಾದ ಆಟದ ಮೇಳ 2024ರಲ್ಲಿ ಎರಡು ಲಕ್ಷ ದಾಟಿತು. ನಡುವೆ 1995ರಲ್ಲಿ ಬಂದ ಕಟಾನ್‌ನಂಥ ಆಟಗಳು, ಕೊನೆಯವರೆಗೂ ಯಾರನ್ನೂ ಆಟದಿಂದ ಹೊರಗಿಡದೆ, ತಾಯಿ-ಮಕ್ಕಳನ್ನೂ ಮೇಜಿಗೆ ಕರೆತಂದವು. ದೊಡ್ಡ ಮೇಳಗಳು ಈಗ ಅರ್ಧ ಆಟದ ಮನೆ, ಅರ್ಧ ಸಂತೆ. ಹೊಸ ಪೆಟ್ಟಿಗೆ ಕೊಳ್ಳುವ ಸಾಲು ಉದ್ದವಾದಷ್ಟೂ ಆಡಲು ಉಳಿಯುವ ಹೊತ್ತು ಕಡಿಮೆ ಎಂಬುದು ನನ್ನ ತಕರಾರು.

ನಮ್ಮ ಕಡೆ ಇದಕ್ಕೆ ಹತ್ತಿರದ್ದೊಂದನ್ನು ನೋಡಬೇಕಾದರೆ ಕುಣಿಗಲ್ಲಿನಿಂದ ಮದ್ದೂರಿನ ದಾರಿ ಹಿಡಿದು ಮೈಸೂರಿಗೆ ಹೋಗಬೇಕು. ಅಲ್ಲಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಪಗಡೆ, ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ, ಪರಮಪದ, ಹೀಗೆ ಹಳೆಯ ಆಟಗಳನ್ನು ನಾಡಿನ ಬೇರೆ ಬೇರೆ ಕಡೆಯ ಕುಶಲಕರ್ಮಿಗಳಿಂದ ಮರದಲ್ಲಿ, ಲೋಹದಲ್ಲಿ, ಬಟ್ಟೆಯಲ್ಲಿ ಮಾಡಿಸಿ ಇಡುತ್ತಾರೆ. ಪ್ರತಿಷ್ಠಾನದ ಕೆಲಸದಲ್ಲಿ ನನಗೆ ದೊಡ್ಡದಾಗಿ ಕಾಣುವುದು ನಿಯಮಗಳ ಸಂಗ್ರಹ. ಮಣೆ ಸಿಕ್ಕರೆ ಸಾಲದು. ಅದರ ಮೇಲೆ ಕಾಯಿ ಹೇಗೆ ನಡೆಯುತ್ತಿತ್ತು ಎಂದು ಹೇಳುವವರು ಬೇಕು. ಹಂಪಿಯ ಮಂಟಪಗಳ ನೆಲದಲ್ಲಿ ಕೊರೆದ ಎಷ್ಟೋ ಮಣೆಗಳನ್ನು ನಾವು ಕಲ್ಲಿನ ಗೆರೆ ಎಂದುಕೊಂಡು ದಾಟಿ ಹೋಗುತ್ತೇವೆ.

ಈ ಕೆಲಸ ಮೈಸೂರಿನಲ್ಲೇ ಬೇರುಬಿಟ್ಟದ್ದಕ್ಕೆ ಕಾರಣವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಆಟಗಳನ್ನು ಕೂಡಿಸಿದರು, ಹೊಸದಾಗಿ ಕಟ್ಟಿದರು, ಬರೆದಿಟ್ಟರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಅವರು ರೂಪಿಸಿದ ಗಂಜೀಫದ ಆಟಗಳಲ್ಲಿ ಒಂದಕ್ಕೆ 360 ಎಲೆಗಳು! ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಿಡಿಸುಗಳಿಂದ ಅವರ ಹೆಸರು ಯುರೋಪಿನ ಚದುರಂಗ ಚರಿತ್ರೆಗಳಿಗೂ ಹೋಯಿತು. ಆದರೆ ಅರಮನೆಯ ಆಟ ಅರಮನೆಯಲ್ಲೇ ಉಳಿಯಿತು. ‘ಕ್ರೀಡಾ ಕೌಶಲ್ಯ’ದಂಥ ಪ್ರದರ್ಶನಗಳು ಆ ಬಾಗಿಲು ತೆರೆದವು. ರಾಜನ ಪಗಡೆಯೂ ಅಜ್ಜಿಯ ಚೌಕಾಬಾರವೂ ಒಂದೇ ಸಭಾಂಗಣದಲ್ಲಿ ಜೊತೆಜೊತೆಗೆ ಬಂದವು.

ಬೆಂಗಳೂರಿನದು ಇನ್ನೊಂದು ದಾರಿ. ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡುವ ಬೋರ್ಡ್‌ಗೇಮ್ ಕೆಫೆಗಳು, ವಾರಾಂತ್ಯದಲ್ಲಿ ಸೇರುವ ಗುಂಪುಗಳು. ಅಲ್ಲಿ ಒಬ್ಬರು ಆಟ ಹೇಳಿಕೊಡಲೆಂದೇ ಇರುತ್ತಾರೆ, ಒಂಟಿಯಾಗಿ ಬಂದವರಿಗೂ ಜೊತೆ ಸಿಗುತ್ತದೆ. ಹೆಣ್ಣುಮಕ್ಕಳು ಅಪರಿಚಿತರ ಜೊತೆ ನಿರಾತಂಕವಾಗಿ ಕೂತು ಆಡುವುದು ಸಣ್ಣ ಬದಲಾವಣೆಯಲ್ಲ. ಹಣದ ಪಣವಿಲ್ಲದಿರುವುದು ಇದಕ್ಕೆ ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ. ಆದರೆ ಕೆಫೆಗೂ ಒಂದು ಹೊಸ್ತಿಲಿದೆ: ಶುಲ್ಕ ಮತ್ತು ಇಂಗ್ಲಿಷು. ಕನ್ನಡದಲ್ಲಿ ನಿಯಮಪುಸ್ತಕವಿರುವ ಹೊಸ ಆಟ ಸಿಗುವುದು ಅಪರೂಪ.

ಬೆಂಗಳೂರಿಗೆ ನಿತ್ಯ ರೈಲು ಹಿಡಿಯುವ ತುಮಕೂರಿನವರ ಕೈಯಲ್ಲಿ ಸದ್ಯಕ್ಕೆ ಇರುವುದು ಮೊಬೈಲಿನ ಲೂಡೊ. 2016ರಲ್ಲಿ ಬಂದ ಲೂಡೊ ಕಿಂಗ್ 2020ರ ಲಾಕ್‌ಡೌನ್‌ನಲ್ಲಿ ಮನೆಮನೆ ಹೊಕ್ಕಿತು. ಲೂಡೊ ಎಂಬುದು ನಮ್ಮ ಪಚ್ಚೀಸನ್ನೇ ಸರಳಗೊಳಿಸಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ.

ತುಮಕೂರು, ಗುಬ್ಬಿ, ಕುಣಿಗಲ್, ಈ ನಮ್ಮ ಮೂರು ಊರುಗಳಲ್ಲಿ ಜನ ಸೇರುವ ಜಾಗಕ್ಕೆ ಬರವಿಲ್ಲ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ, ದನಗಳ ಪರಿಷೆ, ವಸ್ತುಪ್ರದರ್ಶನ. ಗುಬ್ಬಿಯಲ್ಲಿ ಚನ್ನಬಸವೇಶ್ವರರ ಜಾತ್ರೆ. ಕುಣಿಗಲ್ ತಾಲ್ಲೂಕಿನಲ್ಲಿ ಎಡೆಯೂರಿನ ಜಾತ್ರೆ. ವಸ್ತುಪ್ರದರ್ಶನದಲ್ಲಿ ಒಂದು ಮಳಿಗೆಯನ್ನು ಮಣೆಯಾಟಕ್ಕೆ ಬಿಟ್ಟುಕೊಡಲಿ. ಏನನ್ನೂ ಮಾರುವುದು ಬೇಡ, ಚಾಪೆ ಹಾಸಿ ಆಡಿಸಿದರೆ ಸಾಕು. ವರ್ಷವಿಡೀ ನಡೆಯಲು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿವೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಜಗಲಿಗೂ ಕೆಫೆಗೂ ಇಲ್ಲದ ಗುಣ ಗ್ರಂಥಾಲಯಕ್ಕಿದೆ, ಅಲ್ಲಿಗೆ ಯಾರು ಬೇಕಾದರೂ ಬರಬಹುದು. ಕಾಯಿಗಳನ್ನು ಮಾಡಿಕೊಡಲು ಚನ್ನಪಟ್ಟಣದ ಬಣ್ಣದ ಕೆಲಸದವರು ಕುಣಿಗಲ್ಲಿಗೆ ದೂರವೂ ಅಲ್ಲ.

ಅದಕ್ಕೂ ಮುಂಚೆ, ಈಗಲೇ ಮಾಡಬಹುದಾದ ಕೆಲಸವೊಂದಿದೆ. ಮನೆಯ ಹಿರಿಯರ ಹತ್ತಿರ ನೋಟ್‌ಬುಕ್ ಹಿಡಿದು ಕೂತು ಚೌಕಾಬಾರದ ನಿಯಮ ಬರೆದುಕೊಳ್ಳಿ, ಊರಿನ ಹೆಸರು ಹಾಕಿ. ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಬಿಡುತ್ತಿದ್ದರೇ? ಚೌಕ, ಬಾರ ಬಿದ್ದರೆ ಮರುಆಟ ಉಂಟೇ? ಕಾಯಿ ಕಡಿದದ್ದಕ್ಕೂ ಮರುಆಟ ಕೊಡುತ್ತಿದ್ದರೇ? ಒಂದೇ ಮನೆಯಲ್ಲಿ ಜೋಡಿ ಕಾಯಿ ಇದ್ದರೆ ಹಿಂದಿನವರು ದಾಟಬಹುದೇ? ನಡುಮನೆಗೆ ಬೇಕಾದಷ್ಟೇ ಗರ ಬೀಳುವವರೆಗೆ ಕಾಯಬೇಕಿತ್ತೇ? ಯಾರ ಮನೆಯಲ್ಲಿ ಆಡುತ್ತಿದ್ದಿರಿ, ಜೊತೆಗೆ ಯಾರ್ಯಾರು ಕೂರುತ್ತಿದ್ದರು ಎಂಬುದನ್ನೂ ಮರೆಯದೆ ಕೇಳಿ.