ಶ್ರುತಿಕವೆಯ ಲಾಂಛನ, ಹೊಗೆಯುಗುಳುವ ಎಂಜಿನ್

ಯಮಹಾ ಕಂಪೆನಿಯ ವೃತ್ತಾಕಾರದ ಲಾಂಛನವನ್ನು ಹತ್ತಿರದಿಂದ ನೋಡಿದವರಿಗೆ ಅದರೊಳಗೆ ಮೂರು ಶ್ರುತಿಕವೆಗಳು ಕಾಣುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿ ಬಡಿದು ಕಿವಿಯ ಬಳಿ ಹಿಡಿಯುತ್ತೇವಲ್ಲ, ಅದೇ ಟ್ಯೂನಿಂಗ್ ಫೋರ್ಕ್. ಮೋಟಾರ್ ಸೈಕಲ್ಲಿಗೂ ಶ್ರುತಿಗೂ ಏನು ನಂಟು?

1887ರಲ್ಲಿ ಜಪಾನಿನ ಹಮಾಮತ್ಸು ಊರಿನ ಶಾಲೆಯೊಂದರಲ್ಲಿ ರೀಡ್ ಆರ್ಗನ್ ಕೆಟ್ಟಿತ್ತು. ಕಾಲಿನಿಂದ ತಿದಿಯೊತ್ತಿ ನುಡಿಸುವ ಈ ವಾದ್ಯ ನಮ್ಮ ಹಾರ್ಮೋನಿಯಂನ ಅಣ್ಣ ಎನ್ನಬಹುದು. ರಿಪೇರಿಗೆ ಬಂದವರು ವೈದ್ಯಕೀಯ ಉಪಕರಣಗಳನ್ನು ಸರಿಪಡಿಸುತ್ತಿದ್ದ ತೊರಾಕುಸು ಯಮಹಾ. ಬಿಚ್ಚಿ ನೋಡಿದ ಮೇಲೆ, ಇಂಥದನ್ನು ತಾನೂ ಮಾಡಬಲ್ಲೆ ಅನ್ನಿಸಿತು, ಮಾಡಿಯೂ ಬಿಟ್ಟರು. ಅದನ್ನು ಹೊತ್ತು ಹಕೋನೆ ಬೆಟ್ಟ ದಾಟಿ ಟೋಕಿಯೊಗೆ ಒಯ್ದರೆ, ಅಲ್ಲಿನ ಸಂಗೀತ ಸಂಸ್ಥೆಯವರು ಶ್ರುತಿ ಸರಿಯಿಲ್ಲವೆಂದರು. ಅಲ್ಲೇ ಉಳಿದು ಸಂಗೀತಶಾಸ್ತ್ರ ಕಲಿತು ಊರಿಗೆ ಮರಳಿದರು. 1897ರಲ್ಲಿ ನಿಪ್ಪಾನ್ ಗಕ್ಕಿ ಎಂಬ ವಾದ್ಯ ತಯಾರಿಕಾ ಕಂಪೆನಿ ಹುಟ್ಟಿತು. ಬೈಕು ನೋಡುವ ಭಾಗ್ಯ ತೊರಾಕುಸು ಅವರಿಗಿರಲಿಲ್ಲ, 1916ರಲ್ಲೇ ತೀರಿಕೊಂಡರು.

ಮರಗೆಲಸದಲ್ಲಿ ಪಳಗಿದ್ದ ಕಂಪೆನಿ ಮುಂದೆ ವಿಮಾನದ ಪ್ರೊಪೆಲರ್ ತಯಾರಿಸಿತು. ಯುದ್ಧ ಸೋತ ಜಪಾನಿಗೆ ಪ್ರೊಪೆಲರ್ ಬೇಕಿರಲಿಲ್ಲ. ಯಂತ್ರಗಳು ಸುಮ್ಮನೆ ಬಿದ್ದವು. 1950ರಲ್ಲಿ ಅಧ್ಯಕ್ಷರಾದ ಗೆನಿಚಿ ಕವಕಾಮಿ ಅವುಗಳನ್ನು ಮೋಟಾರ್ ಸೈಕಲ್ ತಯಾರಿಕೆಗೆ ಹಚ್ಚಿದರು. 1955ರಲ್ಲಿ ವೈಎ-1 ಹೊರಬಂತು. 125 ಸಿ.ಸಿ.ಯ ಈ ಗಾಡಿ ಜರ್ಮನಿಯ ಡಿಕೆಡಬ್ಲ್ಯೂ ಬೈಕಿನ ನಕಲು ಎಂದರೆ ತಪ್ಪಾಗದು. ಆದರೆ ಇಂಗ್ಲೆಂಡ್, ಅಮೆರಿಕದ ಕಂಪೆನಿಗಳೂ ಅದನ್ನೇ ನಕಲು ಮಾಡಿದ್ದವು, ಜಪಾನೀಯರನ್ನಷ್ಟೇ ಹಂಗಿಸುವುದು ನ್ಯಾಯವಲ್ಲ. ಕೆಂಪು ಮೈಬಣ್ಣದ ತೆಳ್ಳನೆಯ ಗಾಡಿಗೆ ಜನ ‘ಕೆಂಪು ಏರೋಪ್ಲೇನ್ ಚಿಟ್ಟೆ’ ಎಂದು ಹೆಸರಿಟ್ಟರು. ಬೆಲೆ 1.38 ಲಕ್ಷ ಯೆನ್. ಆಗಷ್ಟೇ ಕೆಲಸಕ್ಕೆ ಸೇರಿದ ಪದವೀಧರನ ಒಂದು ವರ್ಷದ ಸಂಬಳಕ್ಕೂ ಹೆಚ್ಚು. ಅದೇ ಜುಲೈನಲ್ಲಿ ಫ್ಯೂಜಿ ಪರ್ವತ ಏರುವ ಸ್ಪರ್ಧೆಯಲ್ಲಿ ಗೆದ್ದ ಮೇಲೆ ಬೆಲೆಯ ಮಾತು ಹಿಂದೆ ಸರಿಯಿತು.

ಗೆಲುವಿನ ಗುಟ್ಟು ಟೂ-ಸ್ಟ್ರೋಕ್ ಎಂಜಿನ್. ಫೋರ್-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಇಂಧನ ಒಮ್ಮೆ ಉರಿದರೆ, ಇದರಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಬಿಡಿಭಾಗ ಕಡಿಮೆ, ತೂಕ ಕಡಿಮೆ, ಎಳೆತ ಜೋರು. ಆದರೆ ಹೊಸ ಇಂಧನ ಒಳಬರುವಾಗಲೇ ಹೊಗೆಯ ದಾರಿಯೂ ತೆರೆದಿರುವುದರಿಂದ ಒಂದಿಷ್ಟು ಪೆಟ್ರೋಲ್ ಉರಿಯದೆ ಹೊರಹೋಗುತ್ತದೆ, ಜತೆಗೆ ಎಣ್ಣೆಯೂ ಸುಡುತ್ತದೆ. ನೀಲಿ ಹೊಗೆ ಅದರದೇ. 1964ರಲ್ಲಿ ಯಮಹಾ ‘ಆಟೋಲ್ಯೂಬ್’ ಎಂಬ ಎಣ್ಣೆ ಪಂಪ್ ತಂದು ಪೆಟ್ರೋಲಿಗೆ ಕೈಯಾರೆ ಎಣ್ಣೆ ಬೆರೆಸುವ ರಗಳೆ ತಪ್ಪಿಸಿತು. ಅದೇ ವರ್ಷ ಫಿಲ್ ರೀಡ್ 250 ಸಿ.ಸಿ. ವಿಶ್ವ ಪ್ರಶಸ್ತಿ ಗೆದ್ದುಕೊಟ್ಟರು. 1968ರ ಡಿಟಿ-1 ಕಾಡುದಾರಿಯ ಸವಾರಿಯನ್ನು ಅಮೆರಿಕದಲ್ಲಿ ಮನೆಮಾತಾಗಿಸಿತು. ಫೋರ್-ಸ್ಟ್ರೋಕ್ ಬೈಕುಗಳೂ ಬಂದವು. 1979ರ ಮೊದಲ ಪ್ಯಾರಿಸ್-ಡಕಾರ್ ರ್‍ಯಾಲಿ ಗೆದ್ದದ್ದು ಎಕ್ಸ್‌ಟಿ 500.

ಗೆಲುವು ತಲೆಗೇರಿತೇನೋ. 1981ರಲ್ಲಿ ಯಮಹಾ, ಹೊಂಡಾವನ್ನು ಹಿಂದಿಕ್ಕುತ್ತೇವೆಂದು ದೊಡ್ಡ ಕಾರ್ಖಾನೆಗೆ ಕೈಹಾಕಿತು. ಹೊಂಡಾ ಹದಿನೆಂಟು ತಿಂಗಳಲ್ಲಿ ನೂರಕ್ಕೂ ಹೆಚ್ಚು ಹೊಸ ಹಾಗೂ ತಿದ್ದಿದ ಮಾದರಿಗಳನ್ನು ಸುರಿದು, ಬೆಲೆ ಇಳಿಸಿ ಉತ್ತರ ಕೊಟ್ಟಿತು. ಗೋದಾಮು ತುಂಬ ಮಾರಾಟವಾಗದ ಬೈಕು ಇಟ್ಟುಕೊಂಡು 1983ರಲ್ಲಿ ಯಮಹಾ ಬಹಿರಂಗವಾಗಿಯೇ ಸೋಲೊಪ್ಪಿತು.

ಆ ವರ್ಷವೇ ಎಸ್ಕಾರ್ಟ್ಸ್ ಕಂಪೆನಿ ಯಮಹಾದ ಆರ್‌ಡಿ 350ಯನ್ನು ರಾಜದೂತ್ ಹೆಸರಿನಲ್ಲಿ ಭಾರತಕ್ಕೆ ತಂದಿತು. ವೇಗ ಭಯಂಕರ, ಮುಂದಿನ ಚಕ್ರಕ್ಕೆ ಮಾತ್ರ ಡಿಸ್ಕ್ ಬದಲು ಡ್ರಮ್ ಬ್ರೇಕ್! ಪೆಟ್ರೋಲ್ ಕುಡಿತ ತಾಳಲಾರದೆ ಗಿರಾಕಿಗಳು ಹಿಂಜರಿದರು. ಅದು ಮಾಡಲಾಗದ್ದನ್ನು 1985ರ ಆರ್‌ಎಕ್ಸ್ 100 ಮಾಡಿತು. 98 ಸಿ.ಸಿ., 11 ಅಶ್ವಶಕ್ತಿ, ನೂರು ಕಿಲೋ ಆಸುಪಾಸಿನ ತೂಕ. ಮಧ್ಯಮ ವರ್ಗದ ಹುಡುಗರಿಗೆ ವೇಗದ ರುಚಿ ಹತ್ತಿಸಿದ್ದೇ ಇದು. ಸದ್ದು ಕೇಳಿಯೇ ಬೀದಿಯ ತುದಿಯಿಂದ ಗುರುತಿಸುತ್ತಿದ್ದರು.

ಹೊಗೆ ನಿಯಮ ಬಿಗಿಯಾಗುತ್ತಿದ್ದಂತೆ ಟೂ-ಸ್ಟ್ರೋಕ್‌ನ ದಿನಗಳು ಮುಗಿಯುತ್ತ ಬಂದವು. 1996ರಲ್ಲಿ ಆರ್‌ಎಕ್ಸ್ 100ರ ತಯಾರಿಕೆ ನಿಂತಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅದರ ಸಾಮಾನು ಕೇಳಿ ಬರುವವರು ಈಗಲೂ ಇದ್ದಾರೆ. ಚೆನ್ನಾಗಿಟ್ಟ ಹಳೆ ಗಾಡಿ ಹೊಸದರಲ್ಲಿದ್ದ ಬೆಲೆಯ ಹಲವು ಪಟ್ಟಿಗೆ ಮಾರಾಟವಾಗುತ್ತದೆ.