ಕಳ್ಳ ಕಾಗದಕ್ಕೆ ಲಕ್ಷ ಫ್ರಾಂಕು

ಹಗರಣವೊಂದು ಬಯಲಾದಾಗ ವಾಚಕನು ಸಾಕ್ಷ್ಯವನ್ನು ತೂಗಿನೋಡಿ ತೀರ್ಮಾನಕ್ಕೆ ಬರುವನೆಂಬ ನಂಬಿಕೆ ಹಳೆಯದು. ಫ್ರಾನ್ಸಿನ ಡ್ರೇಫಸ್ ಪ್ರಕರಣವನ್ನು ಅರಿತವರಿಗೆ ಆ ನಂಬಿಕೆ ಅಷ್ಟು ಸುಲಭವಾಗಿ ಒಗ್ಗದು.

ಜರ್ಮನರಿಗೆ ಸೇನಾರಹಸ್ಯವನ್ನು ಮಾರಿದನೆಂಬ ಆರೋಪದ ಮೇಲೆ ಯೆಹೂದಿ ಅಧಿಕಾರಿ ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸನನ್ನು ಬಂಧಿಸಿದ್ದು 1894ರ ಅಕ್ಟೋಬರಿನಲ್ಲಿ. ಯೆಹೂದಿದ್ವೇಷವನ್ನೇ ಬಂಡವಾಳ ಮಾಡಿಕೊಂಡಿದ್ದ ಡ್ರೂಮೊಂನ ‘ಲಾ ಲಿಬ್ರ ಪಾರೋಲ್’ ಪತ್ರಿಕೆ ನವೆಂಬರ್ 1ರಂದೇ ಅವನ ಹೆಸರನ್ನೂ ಮತವನ್ನೂ ಕೂಡಿಸಿ ದೇಶದ್ರೋಹದ ತಲೆಬರಹ ಹಾಕಿತು. ಸೈನಿಕ ನ್ಯಾಯಾಲಯದ ವಿಚಾರಣೆಗೆ ಇನ್ನೂ ಏಳು ವಾರಗಳಿದ್ದವು. ಬೀದಿಯ ತೀರ್ಪು ಅಷ್ಟರಲ್ಲೇ ಹೊರಬಿದ್ದಿತ್ತು.

ಎದುರು ಪಕ್ಷಕ್ಕೆ ಪತ್ರಿಕೆಗಳಿರಲಿಲ್ಲವೆಂದಲ್ಲ. 1897ರಲ್ಲಿ ಡ್ರೇಫಸನ ಪರವಾಗಿ ಕಾದಂಬರಿಕಾರ ಜೋಲಾ ಬರೆದ ಲೇಖನಗಳನ್ನು ಅಚ್ಚುಮಾಡಿದ ‘ಫಿಗಾರೋ’, ಚಂದಾದಾರರು ಮುನಿದು ಕೈಬಿಡತೊಡಗಿದೊಡನೆ ಹಿಂಜರಿಯಿತು. (ವಾಚಕನನ್ನು ಪತ್ರಿಕೆ ರೂಪಿಸುವುದೆನ್ನುತ್ತೇವೆ, ಪತ್ರಿಕೆಯನ್ನು ವಾಚಕನೂ ಅಂಜಿಸಬಲ್ಲ.) 1898ರ ಜನವರಿ 13ರಂದು ಜೋಲಾನ ಪ್ರಖ್ಯಾತ ಬಹಿರಂಗ ಪತ್ರವನ್ನು ಪ್ರಕಟಿಸಿದ ‘ಲೋರೋರ್’ ಪತ್ರಿಕೆಯ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ದಿನಕ್ಕೆ ಸುಮಾರು ಹತ್ತು ಲಕ್ಷ ಪ್ರತಿಗಳು ಹೋಗುತ್ತಿದ್ದ ‘ಪೆತಿ ಜೂರ್ನಾಲ್’ ಅದಕ್ಕೆ ಉತ್ತರವಾಗಿ ಕೆದಕಿದ್ದು ಜೋಲಾನ ತೀರಿಹೋದ ತಂದೆಯ ನಡತೆಯನ್ನು!

ಇಷ್ಟಾದರೂ ಇದೆಲ್ಲ ಸಂದೇಹದ ಕಾಲದ ಮಾತು. ನಿಜವಾದ ಸೋಜಿಗ ಸತ್ಯ ಹೊರಬಿದ್ದ ಮೇಲಿನದು. ಡ್ರೇಫಸನ ಅಪರಾಧಕ್ಕೆ ಪುರಾವೆಯೆಂದು ಯುದ್ಧಮಂತ್ರಿ 1898ರ ಜುಲೈಯಲ್ಲಿ ಸಂಸತ್ತಿನ ಮುಂದೆ ಓದಿದ ಪತ್ರ ಖೋಟಾ ಆಗಿತ್ತು. ಎರಡು ಕಾಗದಗಳ ತುಣುಕುಗಳನ್ನು ಜೋಡಿಸಿ ಅಂಟಿಸಿದ್ದರಿಂದ ಅವುಗಳ ಗೆರೆಗಳ ಬಣ್ಣ ಹೊಂದುತ್ತಿಲ್ಲವೆಂಬುದು ಸೇನಾಧಿಕಾರಿಯೊಬ್ಬನಿಗೆ ದೀಪದ ಬೆಳಕಿನಲ್ಲಿ ಕಂಡಿತು. ಅದನ್ನು ಸೃಷ್ಟಿಸಿದ ಕರ್ನಲ್ ಆನ್ರಿ ತಪ್ಪೊಪ್ಪಿಕೊಂಡು, ಮರುದಿನ ಸೆರೆಯಲ್ಲಿ ಕತ್ತು ಕೊಯ್ದುಕೊಂಡನು.

ಅಲ್ಲಿಗೆ ವಾದ ಮುಗಿಯಬೇಕಾಗಿತ್ತಲ್ಲವೆ? ಒಂದು ವಾರದೊಳಗೆ ಷಾರ್ಲ್ ಮೊರಾಸ್ ‘ಗಜೆಟ್ ದ ಫ್ರಾನ್ಸ್’ ಪತ್ರಿಕೆಯಲ್ಲಿ, ಆ ಖೋಟಾ ಪತ್ರ ದೇಶಭಕ್ತಿಯ ಕಾರ್ಯವೆಂದು ಹೊಗಳಿದನು. ಡಿಸೆಂಬರಿನಲ್ಲಿ ‘ಲಿಬ್ರ ಪಾರೋಲ್’ ಆನ್ರಿಯ ವಿಧವೆಗೆಂದು ನಿಧಿಯೊಂದನ್ನು ತೆರೆಯಿತು. ಒಂದೇ ತಿಂಗಳಲ್ಲಿ ಸುಮಾರು 25,000 ಮಂದಿ 1,30,000 ಫ್ರಾಂಕುಗಳಷ್ಟನ್ನು ಕೂಡಿಸಿದರು. ಹಣದೊಡನೆ ಕಳುಹಿಸಿದ ಬೈಗುಳಗಳೂ ಹೆಸರುಗಳ ಪಕ್ಕದಲ್ಲಿ ಅಚ್ಚಾದವು. ಇವರೆಲ್ಲ ಪಾಮರರೆಂದು ಸಮಾಧಾನ ತಂದುಕೊಳ್ಳುವಂತಿಲ್ಲ: ಮುಂದೆ ಮಹಾಕವಿಯೆನಿಸಿದ ಪಾಲ್ ವಾಲೆರಿಯೂ ಮೂರು ಫ್ರಾಂಕು ಕೊಟ್ಟು, ಆಲೋಚಿಸದೆ ಕೊಟ್ಟದ್ದಲ್ಲವೆಂದು ಸೇರಿಸಿದ್ದಾನೆ.

1906ರಲ್ಲಿ ಪರಮೋಚ್ಚ ನ್ಯಾಯಾಲಯ ಡ್ರೇಫಸನನ್ನು ನಿರ್ದೋಷಿಯೆಂದು ಸಾರಿತು. 1908ರಲ್ಲಿ ಜೋಲಾನ ಅವಶೇಷಗಳನ್ನು ಪ್ಯಾರಿಸ್ಸಿನ ಪಾಂಥೆಯೋನಿನಲ್ಲಿ ಇರಿಸಿದ ಸಮಾರಂಭಕ್ಕೆ ಬಂದಿದ್ದ ಡ್ರೇಫಸನ ಮೇಲೆ ಒಬ್ಬನು ಗುಂಡು ಹಾರಿಸಿ ತೋಳಿಗೆ ಗಾಯಮಾಡಿದನು. ಆತ ಲೂಯಿ ಗ್ರೆಗೋರಿ, ವೃತ್ತಿಯಿಂದ ಪತ್ರಕರ್ತ. ಜ್ಯೂರಿಯವರು ಅವನನ್ನು ಬಿಡುಗಡೆ ಮಾಡಿದರು.